ಫಲಕವೂ ಪಾಠವೂ ಒಂದಾಗಲಿ

ಇಂದಿನಿಂದ ಶಿಕ್ಷಕರಾಗುವ ನನ್ನ ಗೆಳೆಯ ಗೆಳತಿಯರೇ,

ಶಾಲೆಗೆ ಕಾಲಿಟ್ಟ ಕೂಡಲೇ ನಿಮ್ಮ ಪಾಲಿಗೆ ಒಂದು ಕೆಲಸ ಬರುತ್ತದೆ. ಮಕ್ಕಳಿಂದ ಸಂವಿಧಾನದ ಪೀಠಿಕೆ ಓದಿಸಬೇಕು. ಶಾಲಾ ಕಾಲೇಜುಗಳಲ್ಲಿ ಇದನ್ನು ಕಡ್ಡಾಯ ಮಾಡಲು ರಾಜ್ಯ ಸಚಿವ ಸಂಪುಟ 2023ರ ಜೂನಿನಲ್ಲಿ ತೀರ್ಮಾನಿಸಿತು. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂದು ನೀವು ಹೇಳಿಕೊಡುತ್ತೀರಿ, ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ. ಆಗ ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು, "ಸರ್, ಎಲ್ಲಾರೂ ಸಮಾನ ಅಂದ್ರ ನಮ್ಮ ಓಣಿಯವರನ್ನ ಗುಡಿಯೊಳಗ ಯಾಕ ಬಿಡಂಗಿಲ್ರೀ?" ಎಂದು ಕೇಳಿದಳೆನ್ನಿ. ಅದೇ ಪ್ರಶ್ನೆ ನಿಮ್ಮೆದೆಯಲ್ಲೂ ಇದ್ದರೆ ಏನು ಹೇಳುತ್ತೀರಿ?

ಆ ಅನುಮಾನಕ್ಕೆ ನಾಚಬೇಡಿ. ಅದು ಸಂವಿಧಾನದ ಜೊತೆಗೇ ಹುಟ್ಟಿದ್ದು. ಮತ ಹಾಕುವಾಗ ಸಮಾನರು, ಬದುಕಿನಲ್ಲಿ ಅಸಮಾನರು ಎಂಬ ಸ್ಥಿತಿ ಬೇಗ ನೀಗದಿದ್ದರೆ ಕಟ್ಟಿದ ಪ್ರಜಾಪ್ರಭುತ್ವವೇ ಉಳಿಯದು ಎಂದು ಡಾ. ಅಂಬೇಡ್ಕರ್ ಸಂವಿಧಾನ ಸಭೆಯನ್ನು ಎಚ್ಚರಿಸಿದ್ದು 1949ರ ನವೆಂಬರ್ 25ರಂದು. ಆ ಹುಡುಗಿಗೆ ನೇರವಾಗಿ ಹೇಳಿ: "ಪೀಠಿಕೆ ಎಂದರೆ ನಾವು ಕೊಟ್ಟ ಮಾತು ತಂಗಿ, ಅದಿನ್ನೂ ಪೂರ್ತಿ ನಡೆದಿಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ. ತಪ್ಪು ಗುಡಿಯೊಳಗೆ ಬಿಡದವರದು, ನಿನ್ನದಲ್ಲ."

ಆದರೆ ಅನುಮಾನದಲ್ಲಿ ಎರಡು ಬಗೆ. ದೇಶ ಕೊಟ್ಟ ಮಾತಿನಂತೆ ನಡೆದಿದೆಯೇ ಎಂಬುದು ಒಂದು. ಅದನ್ನು ಧೈರ್ಯವಾಗಿ ತರಗತಿಗೆ ಒಯ್ಯಿರಿ. ಬೇರೆ ಜಾತಿಯವರು, ಬೇರೆ ಧರ್ಮದವರು ನಿಜಕ್ಕೂ ನನಗೆ ಸಮಾನರೇ ಎಂಬುದು ಇನ್ನೊಂದು. ಇದು ನಿಮ್ಮಲ್ಲಿದ್ದರೆ ಪುಸ್ತಕಗಳ ಜೊತೆ, ಸಹೋದ್ಯೋಗಿಗಳ ಜೊತೆ, ನಿಮ್ಮ ಜೊತೆ ನೀವೇ ವಾದ ಮಾಡಿ ಬಗೆಹರಿಸಿಕೊಳ್ಳಿ. ಮಕ್ಕಳ ಮೇಲೆ ಸುರಿಯಬೇಡಿ.

ಇದನ್ನು ಪಾಲಿಸಲು ನಮ್ಮ ಬೀದರ ಜಿಲ್ಲೆಯ ಶಿಕ್ಷಕರಿಗೆ ಅತಿ ಕಠಿಣ ದಿನ ಸೆಪ್ಟೆಂಬರ್ 17. ನಿಜಾಮರ ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿದ್ದನ್ನು ನೆನೆದು ಅಂದು ಧ್ವಜ ಏರಿಸುತ್ತೇವೆ. ಆ ವರ್ಷ ನಿಜಾಮರ ಪರವಿದ್ದ ಸಶಸ್ತ್ರ ರಜಾಕಾರರು ಗೋರ್ಟಾ ಗ್ರಾಮದಲ್ಲಿ ನಡೆಸಿದ ಹತ್ಯಾಕಾಂಡವನ್ನು ನಮ್ಮ ಹಿರಿಯರು ಮರೆತಿಲ್ಲ. ಸಂಸ್ಥಾನವನ್ನು ಸೇರಿಸಿಕೊಳ್ಳಲು ಭಾರತ ನಡೆಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ತಿಳಿಯಲು ನೆಹರೂ ಸರ್ಕಾರವೇ ಪಂಡಿತ ಸುಂದರಲಾಲ್ ಸಮಿತಿಯನ್ನು ಕಳಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು ಎಂದು ಸಮಿತಿ ದಾಖಲಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರು ಮಕ್ಕಳ ಮನೆಗಳಲ್ಲಿ ಆ ವರ್ಷದ ನೆನಪು ಬೇರೆ ಬೇರೆ. ಒಬ್ಬಳ ಅಜ್ಜಿಯ ಕಣ್ಣೀರು ಹೇಳಿ ಇನ್ನೊಬ್ಬನ ಅಜ್ಜನ ಕಣ್ಣೀರು ಮುಚ್ಚಿಟ್ಟರೆ ಭ್ರಾತೃತ್ವದ ಪಾಠ ಅಲ್ಲೇ ಮುಗಿಯುತ್ತದೆ. ಎರಡನ್ನೂ ಹೇಳಿ ಧ್ವಜಕ್ಕೆ ವಂದಿಸಿದರೆ ಆ ವಂದನೆಗೆ ತೂಕ ಬರುತ್ತದೆ.

ಗೆಳೆಯರೇ, ಈ ನೆಲದ ಇನ್ನೊಂದು ನೆನಪು ಕೇಳಿ. ನಿಜಾಮರ ಕಾಲದಲ್ಲಿ ಈ ಸೀಮೆಯ ಶಾಲೆಗಳಲ್ಲಿ ಬಹುಮಟ್ಟಿಗೆ ಉರ್ದುವಿನಲ್ಲೇ ಕಲಿಸಬೇಕಿತ್ತು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿಸಿ, ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಜನ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಉರ್ದು ಬೀದರಿನ ಎಷ್ಟೋ ಮನೆಗಳ ತಾಯಿನುಡಿ. ತಪ್ಪು ನುಡಿಯದಲ್ಲ, ಹೇರಿಕೆಯದು. ಬಾಯಿಬಿಟ್ಟು ಪ್ರಶ್ನಿಸಲಾಗದ ಕಾಲದಲ್ಲಿ ಹೊರಗೊಂದು ಒಳಗೊಂದು ಇರಲೇಬೇಕಾಯಿತು.

ನಿಮಗೆ ಆ ಇಕ್ಕಟ್ಟಿಲ್ಲ. ಪ್ರಶ್ನಿಸುವ ಮನೋಭಾವ ಬೆಳೆಸಿಕೊಳ್ಳುವುದನ್ನು ಸಂವಿಧಾನದ 51ಎ ವಿಧಿ ನಾಗರಿಕರ ಕರ್ತವ್ಯವೆಂದೇ ಹೇಳುತ್ತದೆ. ಆದರೂ ಎಷ್ಟೋ ಶಾಲೆಗಳಲ್ಲಿ ಇಂದು ಗೋಡೆಯ ಮೇಲೆ ಪೀಠಿಕೆ, ಒಳಗೆ ಬೇರೆಯೇ ಪಾಠ. ಬಿಸಿಯೂಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ನೀರಿನ ಲೋಟವನ್ನು ಯಾರು ಮುಟ್ಟಬಹುದು, ಕಸ ಗುಡಿಸಲು ಯಾವಾಗಲೂ ಯಾರ ಹೆಸರು ಕೂಗುತ್ತೀರಿ, ತಾಂಡಾದ ಮಗುವೋ ಮರಾಠಿ ಮನೆಯ ಮಗುವೋ ಕನ್ನಡದಲ್ಲಿ ತಡವರಿಸಿದರೆ ನಗುವವರನ್ನು ತಡೆಯುತ್ತೀರೋ ಇಲ್ಲವೋ ಎಂಬುದನ್ನೆಲ್ಲ ಮಕ್ಕಳು ಗಮನಿಸುತ್ತಾರೆ. ಅವರು ಕಲಿಯುವುದು ಅದನ್ನೇ.

ದೇಶ ಕೊಟ್ಟ ಮಾತು ದೇಶದಲ್ಲೆಲ್ಲ ನಡೆಯುವವರೆಗೆ ನೀವು ಕಾಯಬೇಕಿಲ್ಲ. ನಲವತ್ತು ಮಕ್ಕಳ ಒಂದು ಕೋಣೆಯಲ್ಲಿ ಅದನ್ನು ಈ ವರ್ಷವೇ ನಡೆಸಬಹುದು. ಆ ಕೋಣೆಯ ಬೀಗದ ಕೈ ಇಂದು ನಿಮ್ಮ ಕೈಗೆ ಬಂದಿದೆ. ನಿಮ್ಮ ಶಾಲೆಯಲ್ಲಿ ಹೊರಗಿನ ಫಲಕವೂ ಒಳಗಿನ ಪಾಠವೂ ಒಂದೇ ಆಗಿರಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.