ಹಾಡುವ ದನಿಯೂ ನಡೆಸುವ ಕೈಯೂ
(ಸಂತ ಸಿಸಿಲಿಯಾರ ಹಬ್ಬದ ಪ್ರಬೋಧನೆ – ನವೆಂಬರ್ 22)



ಇಂದು ಸಂತ ಸಿಸಿಲಿಯಾರ ಹಬ್ಬ. ರೋಮಿನ ಈ ರಕ್ತಸಾಕ್ಷಿ ಕನ್ಯೆ ಸಂಗೀತಗಾರರ ಪಾಲಕಿ. ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿದ್ದಾಗ ಆಕೆ ತನ್ನ ಹೃದಯದಲ್ಲಿ ದೇವರಿಗೆ ಹಾಡುತ್ತಿದ್ದಳೆಂದು ಸಂಪ್ರದಾಯ ಹೇಳುತ್ತದೆ. ಹೀಗೆ ಧರ್ಮಸಭೆ ಸಂಗೀತವನ್ನು ಒಬ್ಬ ಹೆಣ್ಣುಮಗಳ ಆಶ್ರಯಕ್ಕೆ ಒಪ್ಪಿಸಿತು. ಆದರೆ ಅದೇ ಧರ್ಮಸಭೆಯ ಗಾನವೃಂದದಲ್ಲಿ ಹೆಣ್ಣುಮಕ್ಕಳಿಗೆ ಸ್ಥಾನ ಸಿಕ್ಕಿದ್ದು ಯಾವಾಗ?

1903ರಲ್ಲಿ, ಇದೇ ಸಂತ ಸಿಸಿಲಿಯಾರ ಹಬ್ಬದ ದಿನ, ಜಗದ್ಗುರು ಹತ್ತನೇ ಪಯಸ್‌ರವರು ಪವಿತ್ರ ಸಂಗೀತದ ಬಗ್ಗೆ ಒಂದು ಆದೇಶ ಹೊರಡಿಸಿದರು. ನಾಟಕಶಾಲೆಯ ಶೈಲಿಯನ್ನು ದೇವಾಲಯದಿಂದ ದೂರವಿಟ್ಟು, ಪ್ರಾಚೀನ ಗ್ರೆಗೋರಿಯನ್ ಗಾನಕ್ಕೆ ಮತ್ತೆ ಮೊದಲ ಸ್ಥಾನ ಕೊಟ್ಟ ಮಹತ್ವದ ಆದೇಶವದು. ಆದರೆ ಅದರಲ್ಲೇ ಇನ್ನೊಂದು ಮಾತೂ ಇತ್ತು. ಗಾನವೃಂದದವರು ಆರಾಧನೆಯಲ್ಲಿ ಒಂದು ಸೇವಾಪದವಿಯನ್ನು ನಿರ್ವಹಿಸುತ್ತಾರೆ, ಅಂಥ ಪದವಿ ಸ್ತ್ರೀಯರಿಗೆ ಸಲ್ಲದು, ಆದ್ದರಿಂದ ಎತ್ತರದ ಸ್ವರಗಳನ್ನು ಬಾಲಕರೇ ಹಾಡಬೇಕು ಎಂಬುದು ಅದರ ತಾತ್ಪರ್ಯ. 1955ರಲ್ಲಿ ಹನ್ನೆರಡನೇ ಪಯಸ್‌ರವರು ಕೆಲವು ಷರತ್ತುಗಳೊಡನೆ ಸ್ತ್ರೀಯರಿಗೂ ಅನುಮತಿ ಕೊಟ್ಟರು. ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ, 1967ರ ಮಾರ್ಗಸೂಚಿ ಗಾನವೃಂದದಲ್ಲಿ ಸ್ತ್ರೀಪುರುಷರು ಕೂಡಿ ಹಾಡಬಹುದು, ಅಗತ್ಯವಿದ್ದರೆ ಸ್ತ್ರೀಯರೇ ಹಾಡಬಹುದು ಎಂದಿತು. 1903ರಿಂದ 1967ಕ್ಕೆ ಅರವತ್ತನಾಲ್ಕು ವರ್ಷ!

ನಿಯಮ ಬದಲಾಯಿತು. ನಮ್ಮ ರೂಢಿ ಬದಲಾಯಿತೇ? ದನಿಯನ್ನು ಸ್ವೀಕರಿಸಿದ ನಾವು, ನಡೆಸುವ ಕೈಯನ್ನೂ ಸ್ವೀಕರಿಸಿದ್ದೇವೆಯೇ?

ಇದು ದೇವಾಲಯದ ಪ್ರಶ್ನೆ ಮಾತ್ರವಲ್ಲ. ಅಮೆರಿಕದ ಮಾರ್ಗರೆಟ್ ಹಿಲ್ಲಿಸ್ ಎಂಬಾಕೆಗೆ ವಾದ್ಯವೃಂದವನ್ನು ನಿರ್ದೇಶಿಸುವ ಆಸೆಯಿತ್ತು. ಹೆಣ್ಣಿಗೆ ಅಲ್ಲಿ ಅವಕಾಶವಿಲ್ಲವೆಂದು ಆಕೆ ಗಾನವೃಂದದ ಕಡೆ ತಿರುಗಬೇಕಾಯಿತು. 1957ರಲ್ಲಿ ಷಿಕಾಗೋ ಸಿಂಫನಿ ಗಾನವೃಂದವನ್ನು ಕಟ್ಟಿದರು. ತಿಂಗಳುಗಟ್ಟಲೆ ಗಾಯಕರನ್ನು ಸಿದ್ಧಪಡಿಸುವವರು ಅವರು. ಕಛೇರಿಯ ದಿನ ವೇದಿಕೆ ಏರುತ್ತಿದ್ದವರು ಬಹುಮಟ್ಟಿಗೆ ಬೇರೆಯವರು. 1977ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ, ಪ್ರಸಿದ್ಧ ನಿರ್ದೇಶಕ ಜಾರ್ಜ್ ಸೋಲ್ಟಿ ಗಾಯಗೊಂಡಾಗ, ಮಾಹ್ಲರನ ಎಂಟನೇ ಸಿಂಫನಿಯೆಂಬ ಬೃಹತ್ ಕೃತಿಯನ್ನು ಈಕೆಯೇ ನಡೆಸಿ ಮೆಚ್ಚುಗೆ ಗಳಿಸಿದರು. ಸಾಮರ್ಥ್ಯ ಆ ರಾತ್ರಿ ಹುಟ್ಟಿದ್ದಲ್ಲ. ಅವಕಾಶ ಮಾತ್ರ ಆಕಸ್ಮಿಕವಾಗಿ ಬಂತು.

ಪ್ರಿಯರೇ, ಈ ಕಥೆಯಲ್ಲಿ ನಮ್ಮ ಧರ್ಮಕೇಂದ್ರಗಳ ನೆರಳು ಕಾಣುವುದಿಲ್ಲವೇ? ವಾರವಿಡೀ ಮಕ್ಕಳಿಗೆ ಹಾಡು ಕಲಿಸುವವರು ನಮ್ಮ ಕನ್ಯಾಸ್ತ್ರೀಯರು, ನಮ್ಮ ಅಕ್ಕತಂಗಿಯರು. ಸಾಲುಗಳ ಜೆರಾಕ್ಸ್ ಮಾಡಿಸುವವರು ಅವರೇ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾರು ಮೊದಲು ಎತ್ತಿಕೊಳ್ಳಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂದು ತಿದ್ದುವವರೂ ಅವರೇ. ವಾರ್ಷಿಕ ಹಬ್ಬ ಬಂದಾಗ, ಧರ್ಮಾಧ್ಯಕ್ಷರು ಆಗಮಿಸುವಾಗ, ಮುಂದೆ ನಿಂತು ಕೈಯಾಡಿಸಲು ಮಾತ್ರ ಒಬ್ಬ ಗಂಡಸನ್ನು ಹುಡುಕುತ್ತೇವೆ. ಇಂಥದ್ದನ್ನು ವಿನಯವೆಂದು ಹೆಣ್ಣುಮಕ್ಕಳ ಮೇಲೆ ಹೊರಿಸಬಾರದು. ಅದು ಅನ್ಯಾಯ.

ಪವಿತ್ರಗ್ರಂಥ ಏನು ಹೇಳುತ್ತದೆ? ಕೆಂಪು ಸಮುದ್ರವನ್ನು ದಾಟಿದ ಬಳಿಕ ಆರೋನನ ಸಹೋದರಿ ಮಿರ್ಯಾಮಳು ದಮ್ಮಡಿಯನ್ನು ಕೈಗೆತ್ತಿಕೊಂಡಳು. ಸ್ತ್ರೀಯರೆಲ್ಲರೂ ಆಕೆಯ ಹಿಂದೆ ಹೊರಟರು. ಆಕೆ ಹಾಡಿಸಿದಳು (ವಿಮೋಚನಕಾಂಡ 15). ವಿಮೋಚನಕಾಂಡ ಆಕೆಯನ್ನು ಪ್ರವಾದಿನಿ ಎಂದು ಕರೆಯುತ್ತದೆ. ಬಿಡುಗಡೆಯ ಆ ಮೊದಲ ಹಬ್ಬದಲ್ಲೇ ಗಾಯನವನ್ನು ಮುನ್ನಡೆಸುವ ಒಬ್ಬ ಹೆಣ್ಣಿದ್ದಳು.

ಆದ್ದರಿಂದ ಈ ಹಬ್ಬದಂದು ಎರಡು ಸಂಕಲ್ಪ ಮಾಡೋಣ. ಗಾನವೃಂದಕ್ಕೆ ನಾಯಕರನ್ನು ಆರಿಸುವಾಗ ಯಾರಿಗೆ ಸಂಗೀತಜ್ಞಾನ, ತಾಳ್ಮೆ, ಭಕ್ತಿ ಇದೆಯೆಂದು ನೋಡೋಣ, ಗಂಡೋ ಹೆಣ್ಣೋ ಎಂದಲ್ಲ. ತಂದೆತಾಯಿಗಳೇ, ಮಗನನ್ನು ಕೀಬೋರ್ಡ್ ತರಗತಿಗೆ ಸೇರಿಸುವಾಗ ಮಗಳನ್ನೂ ಸೇರಿಸಿರಿ. ಅಭ್ಯಾಸ ಮುಗಿದು ಕತ್ತಲಾದರೆ ಅವಳನ್ನು ತಡೆಯುವ ಬದಲು ಕರೆದುಕೊಂಡು ಬರಲು ಹೋಗಿರಿ.

ದೇವರು ವರಗಳನ್ನು ಕೊಡುವಾಗ ಗಂಡುಹೆಣ್ಣೆಂದು ಭೇದ ಮಾಡಲಿಲ್ಲ. ಕೊಟ್ಟ ವರವನ್ನು ಹಿಂದಿನ ಸಾಲಿನಲ್ಲಿ ಬಚ್ಚಿಡುವ ಹಕ್ಕು ನಮಗಿಲ್ಲ. ಹಾಡುವ ದನಿಯನ್ನೂ ನಡೆಸುವ ಕೈಯನ್ನೂ ಪ್ರಭು ಆಶೀರ್ವದಿಸಲಿ. ಸಂತ ಸಿಸಿಲಿಯಾ ನಮಗಾಗಿ ಪ್ರಾರ್ಥಿಸಲಿ. ಆಮೆನ್.