ರುಚಿ ಸತ್ತ ಮನಸ್ಸು

(ಮಹಾಗಾಂವದಲ್ಲಿ ನೀಡಿದ ಪ್ರವಚನ)



ಹೊತ್ತು ಮುಳುಗುವ ತನಕ ತೊಗರಿ ಹೊಲದಲ್ಲಿ ದುಡಿದು, ಮನೆಗೆ ಬಂದು ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡಾಗ 'ಜೀವಕ್ಕೆ ಸಮಾಧಾನವಾಯಿತು' ಎನ್ನುತ್ತೀರಿ. ಆ ಸಮಾಧಾನ ಹುಟ್ಟುವುದೆಲ್ಲಿ? ನಾಲಗೆಯಲ್ಲಿಯೆ? ಹೊಟ್ಟೆಯಲ್ಲಿಯೆ? ನಾಲಗೆ ಸುದ್ದಿ ಮುಟ್ಟಿಸುತ್ತದೆ, ಅಷ್ಟೆ. ಅದನ್ನು ಸುಖವೆಂದು ಗುರುತಿಸಿ, 'ನಾಳೆಯೂ ಇದು ಬೇಕು, ಏಳು, ದುಡಿ' ಎಂದು ಎಬ್ಬಿಸುವ ನೆಲೆಯೊಂದು ಮಿದುಳಿನ ಆಳದಲ್ಲಿದೆ.

ಕೆನಡಾ ದೇಶದ ಮಾಂಟ್ರಿಯಲ್‌ನಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬಿಬ್ಬರು ಇಲಿಗಳ ಮಿದುಳಿಗೆ ಸಣ್ಣ ತಂತಿ ಇಳಿಸಿ ನೋಡಿದರು. ಸನ್ನೆಯೊಂದನ್ನು ಒತ್ತಿದರೆ ಆ ನೆಲೆಗೆ ಕಿಂಚಿತ್ ವಿದ್ಯುತ್ ಹರಿಯಬೇಕು. 1954ರಲ್ಲಿ ಅವರು ಪ್ರಕಟಿಸಿದ್ದೇನು? ಇಲಿಗಳು ಗಂಟೆಗೆ ನೂರಾರು ಸಲ ಆ ಸನ್ನೆಯನ್ನೇ ಒತ್ತುತ್ತ ಕುಳಿತವು. ಮುಂದಿನ ಪ್ರಯೋಗಗಳಲ್ಲಿ ಕೆಲವು ಇಲಿಗಳು ಎದುರಿಗಿದ್ದ ಆಹಾರವನ್ನೂ ಬಿಟ್ಟು ಅದನ್ನೇ ಒತ್ತಿದವು.

ಇದನ್ನು ಕೇಳಿ ನಗಬೇಡಿ. ಶೆರೆ ಅಂಗಡಿಯ ಮುಂದೆ ಕುಳಿತವನನ್ನು ನೆನೆಯಿರಿ. 'ಸುಖವಿದೆಯೇನಪ್ಪಾ?' ಎಂದು ಕೇಳಿದರೆ 'ಇಲ್ಲರಿ, ಆದರೂ ಬೇಕು' ಎನ್ನುತ್ತಾನೆ. ಬಯಕೆ ಬೇರೆ, ಸುಖ ಬೇರೆ. ಡೋಪಮೈನ್ ಎಂಬ ರಸವು ಮುಖ್ಯವಾಗಿ ಬಯಕೆಯನ್ನು ಎಬ್ಬಿಸುತ್ತದೆಯೆಂದು ವಿಜ್ಞಾನಿಗಳು ಕಂಡಿದ್ದಾರೆ. ಕುಡಿತವು ಆ ನೆಲೆಯನ್ನು ಹಿಡಿದಾಗ ಸುಖ ಬತ್ತುತ್ತದೆ, ಬಯಕೆ ಮಾತ್ರ ಬೆಳೆಯುತ್ತದೆ.

ಅದೇ ರಸದ ಹರಿವು ಇನ್ನೊಂದು ಬಗೆಯಲ್ಲಿ ಏರುಪೇರಾದರೆ, ಬೀದಿಯಲ್ಲಿ ಯಾರೋ ಕೆಮ್ಮಿದ್ದು ಕೂಡ 'ನನಗಾಗಿಯೇ ಕೆಮ್ಮಿದರು' ಎಂದು ತೋರಬಹುದು. ಸ್ಕಿಜೋಫ್ರೇನಿಯಾ ಎಂಬ ಬೇನೆಯಲ್ಲಿ ಹುಟ್ಟುವ ಸಂಶಯಕ್ಕೆ ತಜ್ಞರು ಕೊಡುವ ವಿವರಣೆಗಳಲ್ಲಿ ಇದೂ ಒಂದು.

ಇನ್ನು ಮೂರನೆಯ ಸ್ಥಿತಿ. ಖಿನ್ನತೆಯ ಬೇನೆಯಲ್ಲಿ ಆ ನೆಲೆ ಮಂಕಾಗುತ್ತದೆ. ಕಮಲಾಪುರದ ಕೆಂಪು ಬಾಳೆಹಣ್ಣು ತಂದಿಟ್ಟರೂ ಬೇಡ, ಮಗುವಿನ ನಗೆಯೂ ಬೇಡ, ಜಾತ್ರೆಯೂ ಬೇಡ. ಆಗ ಮನೆಯವರು ಏನೆನ್ನುತ್ತಾರೆ? ಮಗನಾದರೆ 'ಮೈಗಳ್ಳ', ಸೊಸೆಯಾದರೆ 'ಸೊಕ್ಕು'. ಇಲ್ಲವೆ ಯಾರೋ ಮಾಟ ಮಾಡಿಸಿದರೆಂದು ತಾಯತ ಕಟ್ಟಿಸುತ್ತಾರೆ. ಕಾಲು ಮುರಿದವನಿಗೆ 'ಓಡು' ಎನ್ನುತ್ತೀರಾ? ಎದ್ದೇಳಿಸುವ ನೆಲೆಯೇ ಸೊರಗಿದವನಿಗೆ 'ಮನಸ್ಸು ಮಾಡಿದರೆ ಏಳುತ್ತಿದ್ದೆ' ಎಂದರೆ ಹೇಗೆ? ಆ ಬೈಗುಳದ ಭಾರ ತಾಳದೆ ಬಾವಿ ಕಂಡವರು, ಬೆಳೆಗೆ ತಂದ ಔಷಧಿ ಕುಡಿದವರು ನಮ್ಮ ನಾಡಿನಲ್ಲಿ ಕಡಿಮೆಯೆ?

ಹಾಗೆಂದು ಇದು ಹಣೆಬರಹವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ದೇಸಿರಾಜು, ರಾಜು, ಶಂಕರನಾರಾಯಣ ರಾವ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಇಂಥದೇ ಪ್ರಯೋಗ ನಡೆಸಿ, ಸುಖದ ಅನುಭವದಿಂದ ಮಿದುಳಿನ ನರಕೋಶಗಳ ಕೊಂಬೆಗಳು ಹೆಚ್ಚು ಕವಲೊಡೆಯುತ್ತವೆಯೆಂದು 1993ರಲ್ಲಿ ತೋರಿಸಿದರು. ಅದೇ ಸಂಸ್ಥೆಯಿಂದ 2008ರಲ್ಲಿ ಇನ್ನೊಂದು ಸಂಗತಿ ಹೊರಬಂದಿತು: ಒತ್ತಡದಿಂದ ಕುಗ್ಗಿದ್ದ ಕೊಂಬೆಗಳು ಆ ಅನುಭವದಿಂದ ಮತ್ತೆ ಚೇತರಿಸಿಕೊಂಡವು. ಇಲಿಯ ಮಾತು ಮನುಷ್ಯನಿಗೆ ಪೂರ್ತಿ ಹೊಂದುವುದಿಲ್ಲ, ನಿಜ. ಆದರೂ ಬಾಡಿದ್ದು ಚಿಗುರಬಲ್ಲದೆಂಬ ಭರವಸೆ ಸಣ್ಣದಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲು, ಬೈಯುವುದನ್ನು ಬಿಡಬೇಕು. ಎರಡನೆಯದು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅವರು ಕೊಟ್ಟ ಮಾತ್ರೆಯನ್ನು ತಾವಾಗಿ ನಡುವೆ ನಿಲ್ಲಿಸಬಾರದು. ಖಿನ್ನತೆಯ ಮಾತ್ರೆ ಗುಣ ತೋರಲು ಕೆಲವು ವಾರ ಬೇಕು. ನಿತ್ಯ ಕುಡಿಯುವವನ ಕುಡಿತವನ್ನೂ ವೈದ್ಯರನ್ನು ಕೇಳಿಯೇ ಬಿಡಿಸಬೇಕು. ಒಮ್ಮೆಲೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಮೂರನೆಯದು, ರುಚಿ ಬಂದ ಮೇಲೆ ಕೆಲಸ ಮಾಡೋಣವೆಂದು ಕಾಯಬಾರದು. ಸಣ್ಣ ಕೆಲಸ ಮೊದಲು, ರುಚಿ ಅದರ ಹಿಂದೆ. ಇಂದು ಅಂಗಳದವರೆಗೆ, ನಾಳೆ ಹೊಲದ ಬದುವಿನವರೆಗೆ. ಒಬ್ಬನನ್ನೇ ಕಳಿಸಬೇಡಿ, ಜೊತೆಯಲ್ಲಿ ನಡೆಯಿರಿ.

ಯಾರಾದರೂ 'ಬದುಕು ಸಾಕಾಯಿತು' ಎಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ವಿಷದ ಡಬ್ಬಿ ಕೈಗೆ ಸಿಗದಂತೆ ಇಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಹಸಿದು ಬಂದವರಿಗೆ ಅನ್ನ ನೀಡುವುದನ್ನು ನೀವು ಬಲ್ಲಿರಿ. ಹಸಿವೇ ಸತ್ತವನ ಪಕ್ಕದಲ್ಲಿ ಕುಳಿತು, ಅವನು ಒಂದು ತುತ್ತು ತೆಗೆದುಕೊಳ್ಳುವ ತನಕ ತಾಳುವುದು ಅದಕ್ಕಿಂತ ಕಠಿಣವಾದ ದಾಸೋಹ. ಆ ತಾಳ್ಮೆ ನಿಮ್ಮ ನಿಮ್ಮ ಮನೆಗಳಲ್ಲಿ ನೆಲೆಸಲಿ ಎಂದು ಹಾರೈಸಿ ಮಾತು ಮುಗಿಸುತ್ತೇನೆ.