ಮೊದಲ ಪ್ರಶ್ನೆಗೇ ಕನ್ನಡ ಒತ್ತಿ!



ಲ್ಯಾಪ್‌ಟಾಪ್ ಕೆಟ್ಟರೆ ಅಂಗಡಿಗೆ ಕೊಡುತ್ತೀರಿ. ಅವರು ಇಂಗ್ಲಿಷ್ ಹಾಕಿಕೊಡುತ್ತಾರೆ, ನೀವು ಸುಮ್ಮನೆ ತರುತ್ತೀರಿ. ಏಕೆ ಸ್ವಾಮಿ, ನಮಗೆ ಕೈಯಿಲ್ಲವೇ? ಖಾಲಿ 8 ಜಿಬಿ ಪೆನ್‌ಡ್ರೈವ್ ಸಾಕು. ಡೆಬಿಯನ್ ಐಎಸ್‌ಒ ಕಡತವನ್ನು ರೂಫಸ್ ತಂತ್ರಾಂಶದಿಂದ ಅದಕ್ಕೆ ಬರೆಯಿರಿ. ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿ, ‘ಗ್ರಾಫಿಕಲ್ ಇನ್‌ಸ್ಟಾಲ್’ ಒತ್ತಿ. ಮೊದಲ ಪ್ರಶ್ನೆಯೇ ಭಾಷೆ! ಪಟ್ಟಿಯಲ್ಲಿ ಕನ್ನಡವಿದೆ. (ಗ್ರಾಫಿಕಲ್ ಅಲ್ಲದ ಇನ್‌ಸ್ಟಾಲ್‌ನಲ್ಲಿ ಹುಡುಕಬೇಡಿ, ಸಿಗುವುದಿಲ್ಲ.)

ಆದರೆ ಆತುರ ಬೇಡ. ಡಿಸ್ಕ್ ಅಳಿಸಿದರೆ ಎಲ್ಲವೂ ಹೋಯಿತು. ಕಡತಗಳ ಜೊತೆಗೆ ಹಳೆಯ ‘ನುಡಿ’, ‘ಬರಹ’ ಫಾಂಟುಗಳನ್ನೂ ಮೊದಲೇ ಬೇರೆ ಡ್ರೈವಿಗೆ ನಕಲಿಸಿಕೊಳ್ಳಿ. ಯೂನಿಕೋಡ್ ಅಲ್ಲದ ಕಡತಕ್ಕೆ ಆ ಫಾಂಟೇ ಪ್ರಾಣ. ಅದಿಲ್ಲದಿದ್ದರೆ ಅಪ್ಪ ಟೈಪು ಮಾಡಿಟ್ಟ ಕನ್ನಡ ಪತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ನಿಮ್ಮೆದುರು ನಿಲ್ಲುತ್ತದೆ.